ಮುಂಬಾಗಿಲಿನ ಮ್ಯಾಗ್‌ಪೈ ಮಹಾಶಯರಿಗೆ, ಆರನೇ ತರಗತಿಯ ಪರವಾಗಿ

ಯಲ್ಲಗೂನ್ ಶೈರ್ ಕೌನ್ಸಿಲ್ ಎಂಬ ನಮ್ಮ ಊರಾಡಳಿತದ ಕಚೇರಿಯ ಎದುರಿನ ಹುಲ್ಲುಹಾಸಿಗೂ, ಅಲ್ಲಿನ ನೀಲಗಿರಿ ಮರಕ್ಕೂ, ಆ ಮರದ ಕೆಳಗೆ ಹಾದುಹೋಗುವ ಸಮಸ್ತ ತಲೆಗಳಿಗೂ ಏಕಮಾತ್ರ ಒಡೆಯರಾದ, ಕಪ್ಪು ಕೋಟು ಬಿಳಿ ಶಾಲಿನ ಪಕ್ಷಿರಾಜ ಮ್ಯಾಗ್‌ಪೈ ಮಹಾಶಯರ ಸನ್ನಿಧಾನಕ್ಕೆ, ಯಲ್ಲಗೂನ್ ಪ್ರಾಥಮಿಕ ಶಾಲೆಯ ಆರನೇ ತರಗತಿಯ ಶಿಕ್ಷಕಿ ಗ್ಲೆನಿಸ್ ಟ್ರೆಂಬಾತ್ ದೂರದಿಂದಲೇ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಧರ್ಮಪತ್ನಿಯವರೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಈ ಸಲದ ಮರಿಗಳಿಬ್ಬರೂ ರೆಕ್ಕೆ ಬಲಿತು ಬೇಕರಿಯ ಹೊರಗಿನ ಮೇಜುಗಳ ಮೇಲೆ ಯಾರ ಅಪ್ಪಣೆಯೂ ಇಲ್ಲದೆ ಮಾಂಸದ ಪೈ ತಿನ್ನುವ ಮಟ್ಟಕ್ಕೆ ಬೆಳೆದಿರುವುದನ್ನು ಕಣ್ಣಾರೆ ಕಂಡು, ತಮ್ಮ ಮನೆತನದ ಸಂಸ್ಕಾರ ಮುಂದಿನ ತಲೆಮಾರಿಗೂ ದಾಟಿತಲ್ಲ ಎಂದು ಸಂತೋಷಪಟ್ಟೆ. ನನ್ನ ಬಲಗಿವಿಯ ಹಿಂದೆ ತಾವು ಮಾಡಿದ ಗಾಯವೂ ಮಾಗಿದೆ. ಅದರ ವಿಚಾರವಾಗಿ ಈ ಪತ್ರ ಬರೆಯುತ್ತಿಲ್ಲ. ಕಿವಿ ನನ್ನ ಸ್ವಂತದ್ದು, ಅದನ್ನು ನಾನು ನೋಡಿಕೊಳ್ಳುತ್ತೇನೆ. ನನ್ನ ದೂರು ಇರುವುದು ತಾವು ಕುಕ್ಕಿ ಹಾಳುಮಾಡಿದ ನನ್ನ ಪಾಠದ ಬಗ್ಗೆ.

ವಿಷಯ ಹೀಗಿದೆ. ನಮ್ಮ ಆರನೇ ತರಗತಿಗೆ 'ಸ್ಥಳೀಯ ಆಡಳಿತ: ಅಂದು ಮತ್ತು ಇಂದು' ಎಂಬ ಪಾಠವಿದೆ. ಎಲ್ಲಿಯೋ ದೂರದ ಊರಿನಲ್ಲಿ, ಮರವಿಲ್ಲದ ಕಚೇರಿಯೊಂದರಲ್ಲಿ ಕುಳಿತ ಯಾರೋ ಪುಣ್ಯಾತ್ಮರು ಅದನ್ನು ಸೆಪ್ಟೆಂಬರ್ ತಿಂಗಳಿಗೇ ಹಾಕಿದ್ದಾರೆ. ಸೆಪ್ಟೆಂಬರಿನಲ್ಲಿ ತಾವು ಗೂಡು ಕಾಯುವಿರಿ, ಗೂಡಿನ ನೆಪದಲ್ಲಿ ಇಡೀ ಬೀದಿಯನ್ನು ಕಾಯುವಿರಿ, ಸೈಕಲ್ಲಿನವರನ್ನೂ ಅಂಚೆಯವರನ್ನೂ ಬೋಳುತಲೆಯವರನ್ನೂ ಅಟ್ಟಾಡಿಸುವಿರಿ ಎಂಬುದು ಈ ದೇಶದ ಎಳೆಗೂಸಿಗೂ ಗೊತ್ತು. ಗೊತ್ತಿದ್ದೂ ನಾನು ಮಕ್ಕಳನ್ನು ಕಚೇರಿಗೆ ಕರೆದುಕೊಂಡು ಬಂದೆ, ಯಾಕೆಂದರೆ ಆಡಳಿತವೆನ್ನುವುದನ್ನು ಪುಸ್ತಕದಲ್ಲಿ ಓದಿ ಕಲಿತವರು ಕಡೆಗೆ ಆಡಳಿತದಲ್ಲೇ ಸೇರಿಕೊಳ್ಳುತ್ತಾರೆ ಎಂಬ ಭಯ ನನಗಿದೆ.

'ಅಂದು' ಎಂಬ ಭಾಗ ಚೆನ್ನಾಗಿಯೇ ನಡೆದಿತ್ತು. ಹಿಂದೆ ನಮ್ಮ ಕೌನ್ಸಿಲ್ ಬೀಡಾಡಿ ದನಗಳನ್ನು ದೊಡ್ಡಿಗೆ ಕೂಡುತ್ತಿತ್ತು, ಹೊಲಗಳಲ್ಲಿ ಮುಳ್ಳುಗಿಡ ಬೆಳೆಯದಂತೆ ನೋಡಿಕೊಳ್ಳಲು ಕುದುರೆ ಮೇಲೆ ಒಬ್ಬ ತನಿಖಾಧಿಕಾರಿಯನ್ನು ಓಡಾಡಿಸುತ್ತಿತ್ತು, ವಾರಕ್ಕೊಮ್ಮೆ ಮನೆಮನೆಯ ಹಿತ್ತಲಿಗೆ ಗಾಡಿ ಕಳಿಸಿ ಕಕ್ಕಸಿನ ಡಬ್ಬ ಬದಲಾಯಿಸುತ್ತಿತ್ತು ಎಂದು ಹೇಳಿದೆ. ಮಕ್ಕಳು ಮೊದಲೆರಡನ್ನು ಆ ಕ್ಷಣವೇ ಮರೆತು, ಮೂರನೆಯದರ ಬಗ್ಗೆ ನಾಲ್ಕು ದಿನ ಪ್ರಶ್ನೆ ಕೇಳಿದರು. ಕಟುಕರ ಮನೆಯ ಹುಡುಗ ಆರ್ಚರ್ ಬೀಸ್ಲಿಯಂತೂ ಕೈಯೆತ್ತಿ, "ಮಿಸ್, ಗಾಡಿ ಗುಂಡಿಗೆ ಬಿದ್ರೆ ರಿಪೋರ್ಟ್ ಯಾರ್ ಬರೀತಿದ್ರು?" ಎಂದು ಕೇಳಿದ. ನಲವತ್ತು ವರ್ಷ ಸೇವೆ ಸಲ್ಲಿಸಿದ ಇಂಜಿನಿಯರುಗಳಿಗೂ ಹೊಳೆಯದ ಆಡಳಿತ ಪ್ರಜ್ಞೆ ಅದು ಎಂದು ನಾನು ಮೆಚ್ಚಿಕೊಂಡೆ.

ಆಮೇಲೆ ಮುಂಬಾಗಿಲಿನ ಕಥೆ ಹೇಳಿದೆ. ತಾವು ದಿನಾ ಆ ಬಾಗಿಲನ್ನೇ ನೋಡುತ್ತ ಕೂತಿರುವವರು, ಆದರೂ ಹೇಳುತ್ತೇನೆ. ನಮ್ಮ ಮೊಟ್ಟಮೊದಲ ಕೌನ್ಸಿಲಿಗೆ ಸ್ವಂತ ಕಟ್ಟಡವಿರಲಿಲ್ಲ. ಅದು ಪಬ್ಬಿನ ಹಿಂದಿನ ಕೋಣೆಯಲ್ಲಿ ಸೇರುತ್ತಿತ್ತು. ಒಂದು ಸಂಜೆ ಹಿತ್ತಲ ಬಾಗಿಲಿನಿಂದ ಒಳಗೆ ಹೋದ ಸದಸ್ಯರು ಊರಿನ ಗೋಮಾಳವನ್ನೆಲ್ಲ ತಮ್ಮತಮ್ಮಲ್ಲೇ ಹಂಚಿಕೊಂಡು, ಬಾಯಿ ಒರೆಸಿಕೊಂಡು, ಅದೇ ಬಾಗಿಲಿನಿಂದ ಹೊರಗೆ ಬಂದರು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಊರಿನವರು ಸುಮ್ಮನಿರಲಿಲ್ಲ. ಹೊಸ ಕಟ್ಟಡ ಕಟ್ಟಿಸಿ, ಇನ್ನು ಮುಂದೆ ಸದಸ್ಯರು ಎಲ್ಲರ ಕಣ್ಣೆದುರು ಮುಂಬಾಗಿಲಿನಿಂದಲೇ ಒಳಗೆ ಹೋಗಬೇಕು, ಇಲ್ಲದಿದ್ದರೆ ಆ ಸಭೆ ಸಭೆಯೇ ಅಲ್ಲ ಎಂದು ಕಟ್ಟು ಮಾಡಿದರು. ಇವತ್ತಿಗೂ ಪ್ರತಿ ಸಭೆಯ ಮೊದಲು ಕಾರ್ಯದರ್ಶಿ ಎದ್ದು ನಿಂತು, "ಯಾವ ಬಾಗಿಲಿಂದ ಬಂದ್ರಿ?" ಎಂದು ಕೇಳಬೇಕು, ಸದಸ್ಯರು ಏಳೂ ಜನ "ಮುಂಬಾಗಿಲಿಂದ" ಎನ್ನಬೇಕು. ಬೇರೆ ಊರಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ, ಅವರ ಗೋಮಾಳ ಹೋದಾಗ ಅವರಿಗೂ ಗೊತ್ತಾಗುತ್ತದೆ.

ಇನ್ನು 'ಇಂದು' ಎಂಬ ಭಾಗ. ರಸ್ತೆ, ಕಸ, ಗ್ರಂಥಾಲಯ, ನಾಯಿಯ ಕೊರಳಪಟ್ಟಿ ಎಲ್ಲ ಆದ ಮೇಲೆ ಊರಿನ ಈಜುಕೊಳದ ಮಾತು ಬಂತು. ಒಂದು ಬೇಸಿಗೆಯಲ್ಲಿ ನದಿ ಇಬ್ಬರು ಮಕ್ಕಳನ್ನು ಬಲಿ ತೆಗೆದುಕೊಂಡ ಮೇಲೆ ಊರಿನ ಅಪ್ಪಂದಿರೆಲ್ಲ ಸೇರಿ ವಾರದ ಕೊನೆಯ ದಿನಗಳಲ್ಲಿ ಅಗೆದು, ಕಾಂಕ್ರೀಟು ಕಲಸಿ ಕಟ್ಟಿ, ಕೌನ್ಸಿಲಿನ ಕೈಗಿಟ್ಟ ಕೊಳ ಅದು. ಕಲಸಿದವರಲ್ಲಿ ನನ್ನಪ್ಪನೂ ಒಬ್ಬ. ಆ ಕೊಳ ಸೋರುತ್ತದೆ, ಪಂಪು ಮುದಿಯಾಗಿದೆ, ಆದ್ದರಿಂದ ಅದನ್ನು ಮಣ್ಣು ತುಂಬಿ ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡಬೇಕು ಎಂದು ಕೌನ್ಸಿಲ್ ಹೊರಟಿತ್ತು. ನಮ್ಮ ಊರಿನಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲವೆಂದು ಇದುವರೆಗೆ ದೂರಿದವರು ಯಾರೂ ಇಲ್ಲ. ಕಾರನ್ನು ಎಲ್ಲಿ ನಿಲ್ಲಿಸಿದೆನೆಂದು ಮರೆತವರು ಮಾತ್ರ ಇದ್ದಾರೆ. ಊರಿನ ಆಸ್ತಿಯನ್ನು ಮುಚ್ಚಬೇಕಾದರೆ ಮೂರು ಸಭೆಗಳಲ್ಲಿ ಒಪ್ಪಿಗೆಯಾಗಬೇಕು ಎಂಬ ನಿಯಮವಿದೆ. ಎರಡು ಮುಗಿದಿದ್ದವು. ನಾನು ಮಕ್ಕಳನ್ನು ಕರೆತಂದದ್ದು ಮೂರನೆಯದಕ್ಕೆ.

ನನ್ನ ತರಗತಿಯಲ್ಲಿ ಮಾರ್ಲಿ ಕ್ವೇಲ್ ಎಂಬ ಹುಡುಗಿಯಿದ್ದಾಳೆ. ಹಿಂದಿನ ಚಳಿಗಾಲದಲ್ಲಿ ಅವರ ಮನೆಯವರು ಒಳನಾಡಿನ ಒಣ ಊರಿನಿಂದ ಬಂದು ನದಿಯ ದಡದಲ್ಲೇ ಬಿಡಾರ ಮಾಡಿದ್ದಾರೆ. ಅವಳಿಗೆ ಈಜು ಬರುವುದಿಲ್ಲ, ಅವಳ ಇಬ್ಬರು ತಮ್ಮಂದಿರಿಗೂ ಬರುವುದಿಲ್ಲ. ನಮ್ಮದು ಬಿಟ್ಟರೆ ಹತ್ತಿರದ ಈಜುಕೊಳ ಇರುವುದು ಬಸ್ಸಿನಲ್ಲಿ ಒಂದು ಗಂಟೆಯ ದೂರದಲ್ಲಿ, ಆ ಬಸ್ಸು ಬರುವುದು ಗುರುವಾರ ಮಾತ್ರ. ನದಿ ಮಾತ್ರ ವಾರದ ಏಳೂ ದಿನ ಅವರ ಹಿತ್ತಲಿನಲ್ಲೇ ಇರುತ್ತದೆ. ಕೌನ್ಸಿಲಿನ ಮುಂದೆ ಮಾತಾಡುವವರು ಯಾರು ಎಂದು ಕೇಳಿದಾಗ ಅವಳೇ ಎದ್ದು ನಿಂತು, "ನಾನ್ ಹೇಳ್ತೀನಿ ಮಿಸ್, ಮುಳುಗೋಳು ನಾನ್ ತಾನೆ" ಎಂದಳು.

ಆ ಮಧ್ಯಾಹ್ನ ನಾವು ಹೇಗೆ ಬಂದೆವೆಂಬುದಕ್ಕೆ ತಾವೇ ಸಾಕ್ಷಿ. ಐಸ್‌ಕ್ರೀಂ ಡಬ್ಬಿಗಳನ್ನು ತೊಳೆದು, ತಲೆಗೆ ಬೋರಲು ಹಾಕಿ, ಗಲ್ಲಕ್ಕೆ ಎಲಾಸ್ಟಿಕ್ ಬಿಗಿದು, ಡಬ್ಬಿಯ ಹಿಂಭಾಗಕ್ಕೆ ದೊಡ್ಡ ದೊಡ್ಡ ಕಣ್ಣು ಬರೆದುಕೊಳ್ಳುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ; ಹಿಂದಿನಿಂದಲೂ ನಮ್ಮನ್ನು ಯಾರೋ ನೋಡುತ್ತಿದ್ದಾರೆಂದು ತಿಳಿದು ತಾವು ನಾಚಿ ಹಿಂದೆ ಸರಿಯುವಿರಂತೆ. ಮಕ್ಕಳು ಕಣ್ಣಿನ ಕೆಳಗೆ 'ಕೊಳ ಮುಚ್ಚಬೇಡಿ' ಎಂದೂ ಬರೆದಿದ್ದರು. ತಾವು ಓದು ಬಲ್ಲವರಾದ್ದರಿಂದಲೋ ಏನೋ, ಮಕ್ಕಳನ್ನು ಡಬ್ಬಿಯ ಮೇಲೆ ಒಂದೊಂದು ಸಲ ಕುಟ್ಟಿ, ಹಾಜರಿ ತೆಗೆದುಕೊಂಡಂತೆ ಒಳಗೆ ಬಿಟ್ಟಿರಿ. ಶಿಕ್ಷಕಿಗೆ ಘನತೆ ಮುಖ್ಯವೆಂದು ಡಬ್ಬಿ ಹಾಕಿಕೊಳ್ಳದೆ ಬಂದ ಒಬ್ಬಳೇ ಒಬ್ಬಳ ಕಿವಿಯನ್ನು ಆರಿಸಿಕೊಂಡಿರಿ. ಆರ್ಚರ್ ನನಗೆ ಕರವಸ್ತ್ರ ಕೊಟ್ಟು, "ಪರ್ವಾಗಿಲ್ಲ ಮಿಸ್, ಮುಂಬಾಗಿಲಿಂದ ಬಂದಿದೀವಿ ಅನ್ನೋಕ್ಕೆ ಪ್ರೂಫ್ ಆಯ್ತು" ಎಂದು ಸಮಾಧಾನ ಹೇಳಿದ.

ಸಭಾಂಗಣದಲ್ಲಿ ಏಳೂ ಸದಸ್ಯರು ಆಗಲೇ ಕೂತಿದ್ದರು. ಅಧ್ಯಕ್ಷ ಕ್ಲೈವ್ ಹ್ಯಾಮರ್ಟನ್ ಅವರ ತಲೆ ಇಸ್ತ್ರಿ ಮಾಡಿದಂತೆ ನುಣ್ಣಗೆ ಹೊಳೆಯುತ್ತಿತ್ತು. ಕಾರ್ಯದರ್ಶಿ ಬ್ರಾನ್ವಿನ್ ಎದ್ದು, ಕೈಯಲ್ಲಿದ್ದ ಹೆಣಿಗೆಯನ್ನು ಬದಿಗಿಟ್ಟು, "ಯಾವ ಬಾಗಿಲಿಂದ ಬಂದ್ರಿ?" ಎಂದರು. ಬೆಳಿಗ್ಗೆ ಹಲ್ಲುಜ್ಜುವವರು ಯೋಚಿಸದೆ ಉಜ್ಜುವಂತೆ, ಏಳೂ ಜನ ಒಟ್ಟಿಗೆ "ಮುಂಬಾಗಿಲಿಂದ" ಎಂದರು.

ಆಗ ಮಾರ್ಲಿ ಕೈಯೆತ್ತಿದಳು. ಅವಳ ಸರದಿ ಇನ್ನೂ ಬಂದಿರಲಿಲ್ಲ, ಅವಳ ಭಾಷಣ ನನ್ನ ಚೀಲದಲ್ಲೇ ಇತ್ತು. "ಮಿಸ್, ಇವ್ರ ತಲೆಗೆ ಏನೂ ಆಗಿಲ್ವಲ್ಲ" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ನಮ್ಮ ಅಧ್ಯಕ್ಷರು ತಲೆ ಮುಟ್ಟಿ ನೋಡಿಕೊಂಡರು. ಅಷ್ಟರಲ್ಲಿ ಆರ್ಚರ್ ಎದ್ದು ನಿಂತು, ಕಟುಕರ ಮಗನಿಗೆ ಸಹಜವಾದ ಸೂಕ್ಷ್ಮ ನೋಟದಿಂದ, "ಅಧ್ಯಕ್ಷರ ಮೀಸೆ ಮೇಲೆ ಕೊಬ್ಬರಿ ಇದೆ ಮಿಸ್, ಲ್ಯಾಮಿಂಗ್ಟನ್ ಕೇಕಿಂದು. ಕೇಕ್ ಇರೋದು ಅಡುಗೆಮನೇಲಿ, ಅಡುಗೆಮನೆ ಇರೋದು ಹಿಂದಿನ ಬಾಗಿಲಲ್ಲಿ" ಎಂದು ಬಿಡಿಸಿ ಹೇಳಿದ. ಏಳು ಜನರೂ ತಮ್ಮ ಕೊಕ್ಕಿನ ಭಯದಿಂದ ಅಡುಗೆಮನೆಯ ಬಾಗಿಲಿನಿಂದ ನುಸುಳಿ ಬಂದು, ಅಭ್ಯಾಸಬಲದಿಂದ ಸುಳ್ಳು ಹೇಳಿ, ಅದು ಸುಳ್ಳೆಂದು ಅವರಿಗೇ ಆವಾಗ ಗೊತ್ತಾದಂತಿತ್ತು. ಸದಸ್ಯರೊಬ್ಬರು, "ಹಳೇ ಶಾಸ್ತ್ರ ಕಣಮ್ಮ ಅದು, ಸುಮ್ನೆ ಹೇಳೋದು" ಎಂದು ತೇಲಿಸಲು ನೋಡಿದರು. ಬ್ರಾನ್ವಿನ್ ಹೆಣಿಗೆಯ ಕಡ್ಡಿಯನ್ನು ಅವರತ್ತ ತೋರಿಸಿ, "ಸುಮ್ನೆ ಹೇಳೋದಾದ್ರೆ ನಾನ್ಯಾಕೆ ಎದ್ದು ನಿಂತು ಕೇಳ್ಲಿ? ಮಂಡಿ ನೋವು ನಂಗೆ. ಹೋಗಿ, ಸರಿಯಾಗಿ ಬನ್ನಿ" ಎಂದರು. ಮಾರ್ಲಿ ಮತ್ತೆ ಕೈಯೆತ್ತಿ, ಬಹಳ ವಿನಯದಿಂದ, "ಹೋದ ಎರಡು ಸಭೆಗೆ ಯಾವ ಬಾಗಿಲಿಂದ ಬಂದಿದ್ರಿ ಅಂಕಲ್?" ಎಂದು ಕೇಳಿದಳು. ಅಧ್ಯಕ್ಷರು ಮೀಸೆಯ ಕೊಬ್ಬರಿ ಒರೆಸಿಕೊಂಡರು. ಅದರಲ್ಲೇ ಎಲ್ಲರಿಗೂ ಉತ್ತರ ಸಿಕ್ಕಿತು.

ಮುಂದೆ ನಡೆದದ್ದನ್ನು ತಾವು ನಡೆಸಿದಿರಿ, ನಾವು ಕಿಟಕಿಯಿಂದ ನೋಡಿದೆವು. ಏಳು ಸದಸ್ಯರು ಹಿಂದಿನಿಂದ ಸುತ್ತಿ ಬಂದು ಹುಲ್ಲುಹಾಸಿನ ಅಂಚಿನಲ್ಲಿ ನಿಂತು, "ತಾವು ಮೊದಲು ಹೋಗಿ", "ತಾವು ಮೊದಲು ಹೋಗಿ" ಎಂದು ಒಬ್ಬರಿಗೊಬ್ಬರು ತೋರಿಸಿದ ಸೌಜನ್ಯವನ್ನು ನಾನು ಯಾವ ಸಭೆಯಲ್ಲಿಯೂ ಕಂಡಿಲ್ಲ. ಮಕ್ಕಳು ಮನಸ್ಸು ಕರಗಿ ತಮ್ಮ ಡಬ್ಬಿಗಳನ್ನು ಅವರಿಗೆ ಕೊಟ್ಟರು. ಮಕ್ಕಳ ಡಬ್ಬಿ ದೊಡ್ಡವರ ತಲೆಗೆ ಇಳಿಯಲಿಲ್ಲ. ನೆತ್ತಿಯ ಮೇಲೆ ಕಿರೀಟದಂತೆ ಕೂತವು. ಹೀಗೆ ಊರಿನ ಆಡಳಿತ ಮಂಡಳಿಯು ತಲೆಯ ಮೇಲೆ ಐಸ್‌ಕ್ರೀಂ ಡಬ್ಬಿ ಹೊತ್ತು, ಡಬ್ಬಿಯ ಮೇಲೆ 'ಕೊಳ ಮುಚ್ಚಬೇಡಿ' ಎಂಬ ಘೋಷಣೆ ಹೊತ್ತು, ಹುಲ್ಲಿನ ಮೇಲೆ ಎದ್ದೂ ಬಿದ್ದೂ ಓಡಿತು. ಸ್ಥಳೀಯ ಪತ್ರಿಕೆಯ ಹೆಣ್ಣುಮಗಳು ಅದರ ಫೋಟೋ ತೆಗೆದಳು. ತಾವು ಯಾರಲ್ಲಿಯೂ ಭೇದ ಮಾಡಲಿಲ್ಲ. ಅಧ್ಯಕ್ಷರ ಡಬ್ಬಿ ಅರ್ಧ ದಾರಿಯಲ್ಲಿ ಉರುಳಿದಾಗ ಮಾತ್ರ, ಇಷ್ಟು ವರ್ಷ ಕಾಯ್ದಿದ್ದ ಗುರಿ ಕಂಡವರಂತೆ, ತಾವು ಮೂರು ಸಲ ಇಳಿದಿರಿ.

ಒಳಗೆ ಬಂದು ಕೂತ ಮೇಲೆ ಬ್ರಾನ್ವಿನ್ ನಿಯಮ ಬಿಡಿಸಿ ಹೇಳಿದರು. ಹಿಂದಿನ ಎರಡು ಸಭೆಗಳು ಲೆಕ್ಕಕ್ಕಿಲ್ಲ, ಇದೇ ಮೊದಲನೆಯದು. ಕೊಳ ಮುಚ್ಚಬೇಕೆಂದರೆ, ನಮ್ಮಲ್ಲಿ ಬೇಸಿಗೆ ಶುರುವಾಗುವ ನವೆಂಬರಿನಲ್ಲಿ ಅದು ತೆರೆಯುವ ಮುಂಚೆ ಇನ್ನೂ ಎರಡು ಸಲ ಮುಂಬಾಗಿಲಿನಿಂದ ಬರಬೇಕು, ತೆರೆಯುವುದಕ್ಕಾದರೆ ಯಾರೂ ಎಲ್ಲಿಂದಲೂ ಬರಬೇಕಾಗಿಲ್ಲ. ಅಧ್ಯಕ್ಷರು ಕಿಟಕಿಯಾಚೆ ತಮ್ಮನ್ನು ನೋಡಿದರು. ತಾವು ಅವರನ್ನು ನೋಡಿದಿರಿ. ತಲೆಗೆ ಒತ್ತಿಕೊಂಡಿದ್ದ ಟವೆಲನ್ನು ತಿರುಗಿಸಿ ಮಡಿಸುತ್ತ ಅವರು, "ಇರ್ಲಿ ಬಿಡ್ರಪ್ಪ, ಈ ಬೇಸಿಗೆಗೆ ಕೊಳ ಇರ್ಲಿ" ಎಂದರು. ಆರು ಕೈಗಳು ಒಮ್ಮೆಲೇ ಎದ್ದವು. ಮಾರ್ಲಿಯ ಭಾಷಣ ನನ್ನ ಚೀಲದಲ್ಲೇ ಉಳಿಯಿತು. ನಾನು ಮಕ್ಕಳ ಮುಂದೆಯೇ ಅತ್ತೆ, ನಾಚಿಕೆಯಾಗಲಿಲ್ಲ.

ಈಗ ಮಾನ್ಯರೇ, ನನ್ನ ದೂರು. ಶಾಲೆಗೆ ಮರಳಿದ ಮೇಲೆ ನಾನು ಮಕ್ಕಳಿಗೆ, ನೋಡಿ, ನಾಗರಿಕರು ಸಭೆಗೆ ಹೋಗಿ ಪ್ರಶ್ನೆ ಕೇಳಿದರೆ ಆಡಳಿತ ಕಿವಿಗೊಡುತ್ತದೆ, ಇದೇ ಪ್ರಜಾಪ್ರಭುತ್ವ ಎಂದು ಗಂಟಲು ಹರಿಯುವಂತೆ ಹೇಳಿದೆ. ಆಮೇಲೆ ಪರೀಕ್ಷೆ ಕೊಟ್ಟೆ. 'ಸ್ಥಳೀಯ ಆಡಳಿತ ಎಂದರೆ ಯಾರು?' ಎಂಬ ಪ್ರಶ್ನೆಗೆ ಹೆಚ್ಚುಕಡಿಮೆ ಇಡೀ ತರಗತಿ 'ಮ್ಯಾಗ್‌ಪೈ' ಎಂದು ತಮ್ಮ ಹೆಸರನ್ನೇ ಬರೆದಿದೆ. 'ಅದರ ಕೆಲಸವೇನು?' ಎಂಬುದಕ್ಕೆ ಒಬ್ಬಳು, 'ಮೇಲೆ ಕೂತಿರುವುದು, ವರ್ಷಕ್ಕೊಂದು ಸಲ ಕೆಳಗೆ ಬರುವುದು, ಬಂದಾಗ ನೋವಾಗುವುದು' ಎಂದು ಬರೆದಿದ್ದಾಳೆ. ಇದರಲ್ಲಿ ತಪ್ಪು ಹುಡುಕಿ ಅಂಕ ಕಳೆಯಲು ನಾನು ಒಂದು ಇಡೀ ಭಾನುವಾರ ಒದ್ದಾಡಿ ಸೋತೆ. ಅಂದಿಗೂ ಇಂದಿಗೂ ಇರುವ ವ್ಯತ್ಯಾಸ ತಿಳಿಸಿ ಎಂದರೆ ಆರ್ಚರ್, 'ಅಂದು ಕಕ್ಕಸಿನ ಗಾಡಿ, ಇಂದು ಮ್ಯಾಗ್‌ಪೈ, ಎರಡೂ ಬಂದಾಗ ಎಲ್ಲರೂ ಓಡುತ್ತಾರೆ' ಎಂದು ಒಂದೇ ವಾಕ್ಯದಲ್ಲಿ ನೂರೈವತ್ತು ವರ್ಷದ ಇತಿಹಾಸ ಮುಗಿಸಿದ್ದಾನೆ. ಚುನಾವಣೆ, ತೆರಿಗೆ, ಉಪಸಮಿತಿ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಆದ್ದರಿಂದ ತಾವು ದಯವಿಟ್ಟು ಒಂದು ದಿನ ನಮ್ಮ ತರಗತಿಗೆ ಬಂದು, ನಾನು ಆಡಳಿತವಲ್ಲ, ಕೇವಲ ಹಕ್ಕಿ ಎಂದು ಮಕ್ಕಳಿಗೆ ಸ್ಪಷ್ಟಪಡಿಸಬೇಕೆಂದು ಕೋರುತ್ತೇನೆ. ಅದಾಗದಿದ್ದರೆ, ಆಡಳಿತವೇ ಆಗಿರುವ ಪಕ್ಷದಲ್ಲಿ, ಆಡಳಿತದ ಉಳಿದ ಕರ್ತವ್ಯಗಳನ್ನೂ ವಹಿಸಿಕೊಳ್ಳಬೇಕು: ಶಾಲೆಯ ಮುಂದಿನ ರಸ್ತೆಯ ಗುಂಡಿ ಮುಚ್ಚಿಸಬೇಕು, ಮಂಗಳವಾರದ ಕಸದ ತೊಟ್ಟಿ ಮಂಗಳವಾರವೇ ಎತ್ತಿಸಬೇಕು, ಕುಕ್ಕುವ ಮುನ್ನ ಹದಿನಾಲ್ಕು ದಿನಗಳ ನೋಟಿಸು ಕೊಟ್ಟು ಸಾರ್ವಜನಿಕ ಆಕ್ಷೇಪಣೆ ಆಹ್ವಾನಿಸಬೇಕು, ವಾರಕ್ಕೊಂದು ಮಧ್ಯಾಹ್ನವಾದರೂ ಕೆಳಗಿನ ಕೊಂಬೆಗೆ ಇಳಿದು ಅಹವಾಲು ಕೇಳಬೇಕು. ಕೌನ್ಸಿಲಿನವರಿಗೂ ಇವೇ ಕೋರಿಕೆಗಳನ್ನು ಸಲ್ಲಿಸಿದ್ದೇನೆ. ತಮ್ಮ ಕಡೆಯಿಂದಾದರೂ ಉತ್ತರ ಬಂದೀತು, ದಿನಾ ಬೆಳಿಗ್ಗೆ ತಾವು ಹಾಡುವುದಂತೂ ಕೇಳಿಸುತ್ತದೆ, ಬಹಳ ಇಂಪಾಗಿದೆ ಎಂಬುದನ್ನು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪುತ್ತೇನೆ.

ಡಿಸೆಂಬರಿನ ಈ ಬಿಸಿಲಿನಲ್ಲಿ ತಾವು ಯಾರ ತಂಟೆಗೂ ಹೋಗದೆ, ಸಭ್ಯಸ್ಥರಂತೆ ಹುಲ್ಲಿನಲ್ಲಿ ಹುಳು ಹೆಕ್ಕುತ್ತಿರುವ ಸಮಯ ನೋಡಿ, ಧೈರ್ಯ ಮಾಡಿ ಈ ಪತ್ರವನ್ನು ತಮ್ಮ ಮರದ ಬುಡಕ್ಕೆ ಅಂಟಿಸಿದ್ದೇನೆ. ಪ್ರತಿಯನ್ನು ಸ್ಥಳೀಯ ಪತ್ರಿಕೆಗೂ ಕಳಿಸಿದ್ದೇನೆ.

ಇಂತಿ,
ಒಂದೂವರೆ ಕಿವಿಯಿಂದ ಆಲಿಸುವ ತಮ್ಮ ವಿಶ್ವಾಸಿ,
ಗ್ಲೆನಿಸ್ ಟ್ರೆಂಬಾತ್
ಆರನೇ ತರಗತಿ, ಯಲ್ಲಗೂನ್

ವಿ.ಸೂ.: ಕೊಳ ತೆರೆದಿದೆ. ಮಾರ್ಲಿ ಈಗ ಅದರ ಅರ್ಧದವರೆಗೆ ಈಜುತ್ತಾಳೆ, ಆಳದ ಕಡೆಗೆ ಹೋಗಲು ಇನ್ನೂ ಹೆದರುತ್ತಾಳೆ. ಅವಳ ತಮ್ಮಂದಿರು ಈಗಷ್ಟೇ ನೀರಿನಲ್ಲಿ ಮುಖ ಮುಳುಗಿಸಿದ್ದಾರೆ, ಅವರಿಗೆ ಇನ್ನೊಂದು ಬೇಸಿಗೆ ಬೇಕು. ಕೊಳ ಮುಚ್ಚುವ ಪ್ರಸ್ತಾಪವನ್ನು ಅಧ್ಯಕ್ಷರು ಏಪ್ರಿಲ್ ತಿಂಗಳಿಗೆ ಇಟ್ಟುಕೊಂಡಿದ್ದಾರೆ, ಆಗ ತಮಗೆ ಗೂಡಿಲ್ಲ, ಮೊಟ್ಟೆಯಿಲ್ಲ, ಕೋಪವಿಲ್ಲ ಎಂದು ಯಾರೋ ಅವರಿಗೆ ಹೇಳಿದ್ದಾರೆ. ಸಭೆ ಎರಡನೇ ಮಂಗಳವಾರ, ಮಧ್ಯಾಹ್ನ ನಾಲ್ಕಕ್ಕೆ. ನಾನು ತಮ್ಮನ್ನು ಏನನ್ನೂ ಬೇಡುತ್ತಿಲ್ಲ, ಶಿಕ್ಷಕಿಯಾಗಿ ಬೇಡುವುದು ಸರಿಯೂ ಅಲ್ಲ. ಅಧ್ಯಕ್ಷರು ಟೋಪಿ ಹಾಕುವುದಿಲ್ಲ ಎಂಬುದನ್ನು ಮಾತ್ರ ತಮ್ಮ ಅವಗಾಹನೆಗೆ ತರುತ್ತಿದ್ದೇನೆ.